ನಮ್ಮ ರೈಲು ಬರೀ ಸುತ್ತಬೇಕಾ, ಕೆಲಸ ಮಾಡಬೇಕಾ?

 

ಈ ವರ್ಷದ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ ಶಾಲೆಯಿಂದ ಮತ್ತೆ ರೈಲಿನ ಮಾದರಿಯನ್ನೇ ಇಡುವುದೆಂದು ತೀರ್ಮಾನವಾಗಿದೆ. ಬಹಳ ಸಂತೋಷ. ಆದರೆ ಹಳಿ ಹೇಗೆ ಹಾಕಬೇಕು ಅನ್ನೋದರಲ್ಲಿ ಎರಡು ಗುಂಪಾಗಿದೆ. ಹತ್ತನೇ ತರಗತಿಯ ಅಣ್ಣಂದಿರು ಹೋದ ವರ್ಷದಂತೆಯೇ ಗುಂಡಗೆ ಹಾಕೋಣ, ಈ ಸಲ ಅದಕ್ಕೆ ಸಕಲೇಶಪುರದ ಘಾಟಿಯನ್ನೂ ಸೇರಿಸೋಣ ಅಂತಾರೆ. ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಶನಿವಾರದ ಸಭೆಯಲ್ಲಿ ಎದ್ದು ನಿಂತರೆ ನನಗೆ ಮಾತು ತಡವರಿಸುತ್ತೆ. ಅದಕ್ಕೇ ಬರೆದು ಗೋಡೆಗೆ ಅಂಟಿಸಿದ್ದೇನೆ.

ಹೋದ ವರ್ಷ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಎರಡು ಮೇಜು ಜೋಡಿಸಿ, ಥರ್ಮಾಕೋಲಿನ ಗುಡ್ಡ ಮಾಡಿ, ಅದರೊಳಗೆ ಸುರಂಗ ಕೊರೆದಿದ್ದೆವು. ಎರಡು ಸುತ್ತು ಚೆನ್ನಾಗಿ ಹೋಯಿತು. ಮೂರನೇ ಸುತ್ತಿಗೆ ರೈಲು ಸುರಂಗದೊಳಗೆ ಹೋದದ್ದು ಹೊರಗೆ ಬರಲೇ ಇಲ್ಲ! ಕೈ ಹಾಕಿದರೆ ಎಟುಕಲಿಲ್ಲ. ಕಡೆಗೆ ಅತಿಥಿಗಳ ಎದುರಿಗೇ ಗುಡ್ಡ ಮುರಿದು ಇಂಜಿನ್ ಎತ್ತಬೇಕಾಯಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ, ಕಂಟ್ರೋಲರ್ ಹಿಡಿದಿದ್ದ ಹುಡುಗ ಸ್ಪೀಡ್ ಜಾಸ್ತಿ ಕೊಟ್ಟ, ಅದಕ್ಕೇ ಬಿತ್ತು ಅಂತ ಎಲ್ಲ ಅವನ ತಲೆಗೆ ಕಟ್ಟಿದೆವು. ಈ ವರ್ಷ ಅವನು ರೈಲಿನ ತಂಡಕ್ಕೆ ಹೆಸರನ್ನೇ ಕೊಟ್ಟಿಲ್ಲ.

ತಪ್ಪು ಅವನದಲ್ಲ. ಇದನ್ನು ನಾನು ಲೆಕ್ಕ ಮಾಡಿ ಹೇಳುತ್ತಿದ್ದೇನೆ.

ನಮ್ಮ ಸೆಟ್ಟಿನ ಬಾಗಿದ ಹಳಿಯ ತುಂಡುಗಳು 18 ಇಂಚು ತ್ರಿಜ್ಯದವು. ಅಂದರೆ ಒಂದು ಸುತ್ತಿಗೆ ವ್ಯಾಸವೇ 36 ಇಂಚು ಆಯಿತು. ಆ ಅಳತೆ ಹಳಿಯ ಮಧ್ಯದಿಂದ ಮಧ್ಯಕ್ಕೆ. ಆಚೆ ಈಚೆ ಎರಡೆರಡು ಇಂಚಾದರೂ ಬಿಡದಿದ್ದರೆ ರೈಲು ಮೇಜಿನಿಂದ ಕೆಳಕ್ಕೇ ಬೀಳುತ್ತೆ. ಒಟ್ಟು 40 ಇಂಚು ಬೇಕು. ನಮ್ಮ ಮೇಜಿನ ಅಗಲ 36 ಇಂಚು. ಆವತ್ತು ಯಾರೂ ಟೇಪು ಹಿಡಿಯಲಿಲ್ಲ. ಹಳಿ ಅಂಚಿಗೆ ಬಂತು ಅಂತ ನಾಲ್ಕು ಜನ ಸೇರಿ ಒಳಕ್ಕೆ ಒತ್ತಿದೆವು. ಒತ್ತಿದರೆ ತುಂಡುಗಳೇನೂ ಬಗ್ಗಲ್ಲ, ಕೀಲಿನ ಹತ್ತಿರ ಸೊಟ್ಟಗಾಗುತ್ತೆ. ಆ ಸೊಟ್ಟ ಕೀಲಿನ ಮೇಲೆ ಗುಡ್ಡ ಇಟ್ಟು ಮುಚ್ಚಿದೆವು. ಚಕ್ರ ಹಳಿ ಹತ್ತಿದ್ದು ಅಲ್ಲೇ. ಒತ್ತಿದ ನಾಲ್ವರಲ್ಲಿ ನಾನೂ ಒಬ್ಬ.

ಈಗ ದೊಡ್ಡ ರೈಲಿನ ಲೆಕ್ಕ ನೋಡಿ. ನಮ್ಮ ಸೆಟ್ಟು ಎಚ್‌ಓ ಅಳತೆಯದು, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. 87ರಿಂದ ಗುಣಿಸಿದರೆ ಸುಮಾರು 1435 ಮಿ.ಮೀ. ಬರುತ್ತೆ. (ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಹಾಗಾಗಿ ಇದು ಹೊರದೇಶದ ಅಳತೆ ಅಂದುಕೊಂಡಿದ್ದೆ. ಆದರೆ ಬೆಂಗಳೂರಿನ ಮೆಟ್ರೋ ಹಳಿಯೂ 1435 ಮಿ.ಮೀ. ಅಂತೆ, ವಿಜ್ಞಾನ ಮೇಷ್ಟ್ರು ಹೇಳಿದರು.) ನಮ್ಮ ದೇಶದ ಬ್ರಾಡ್‌ಗೇಜಿನಲ್ಲಿ ತಿರುವಿನ ತ್ರಿಜ್ಯ 175 ಮೀಟರಿಗಿಂತ ಕಡಿಮೆ ಇರಕೂಡದು ಅಂತ ನಿಯಮ. 175ನ್ನು 87ರಿಂದ ಭಾಗಿಸಿದರೆ 2 ಮೀಟರ್. ಅಂದರೆ ಸರಿಯಾದ ಒಂದು ಸುತ್ತು ಹಾಕೋಕೆ 4 ಮೀಟರ್ ಅಗಲ ಬೇಕು. ತರಗತಿಯ ಬೆಂಚುಗಳನ್ನೆಲ್ಲ ಹೊರಗೆ ಹಾಕಬೇಕಾಗುತ್ತೆ! ನಮ್ಮ 18 ಇಂಚಿನ ತಿರುವನ್ನು ದೊಡ್ಡದು ಮಾಡಿದರೆ ಬರೀ 40 ಮೀಟರ್. ಆಟದ ಸಾಮಾನಿನವರು ಮೊದಲೇ ಅಷ್ಟು ಬಿಗಿ ಮಾಡಿಬಿಟ್ಟಿದ್ದಾರೆ. ಅದರ ಮೇಲೆ ನಾವು ಇನ್ನೂ ಒತ್ತಿದರೆ ಪಾಪ, ಅದು ತಾನೇ ಏನು ಮಾಡುತ್ತೆ?

ಇನ್ನು ಘಾಟಿಯ ವಿಷಯ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ 57 ಸುರಂಗಗಳಿವೆ, ಇಳಿಜಾರು 50ಕ್ಕೆ 1. ಕೇಳೋಕೇ ಮೈ ಜುಂ ಅನ್ನುತ್ತೆ, ಒಪ್ಪಿದೆ. ಆದರೆ ಅಣ್ಣಂದಿರು ಬರೆದ ಚಿತ್ರದಲ್ಲಿ ಒಂದು ಹಳಿ ಇನ್ನೊಂದರ ಮೇಲೆ ಸೇತುವೆಯಲ್ಲಿ ಹಾದುಹೋಗುತ್ತೆ. ಕೆಳಗಿನ ರೈಲು ತಲೆ ಬಗ್ಗಿಸದೆ ಹೋಗಬೇಕಾದರೆ ಮೇಲಿನ ಹಳಿ ಏಳೂವರೆ ಸೆಂಟಿಮೀಟರ್ ಏರಬೇಕು. 50ಕ್ಕೆ 1ರಂತೆ ಏರಿದರೆ, ಏಳೂವರೆ ಗುಣಿಸು 50, ಅಂದರೆ 375 ಸೆಂಟಿಮೀಟರ್. ಹನ್ನೆರಡು ಅಡಿಗೂ ಮೇಲೆ. ಇಳಿಯೋಕೆ ಮತ್ತೆ ಹನ್ನೆರಡು ಅಡಿ. ನಮ್ಮ ಮೇಜುಗಳ ಮೇಲೆ ಇಷ್ಟಕ್ಕೆ ಜಾಗ ಎಲ್ಲಿ? ಏರು ಇನ್ನೂ ಕಡಿದು ಮಾಡಿದರೆ ಇಂಜಿನ್ ನಿಂತಲ್ಲೇ ಚಕ್ರ ತಿರುಗಿಸುತ್ತಾ ಕೂರುತ್ತೆ.

ಅರಸೀಕೆರೆಯಿಂದ ಹಾಸನದವರೆಗೆ ತೋರಿಸೋಣ ಅಂತಲೂ ಒಬ್ಬರು ಅಂದರು. ಅದು 40 ಕಿಲೋಮೀಟರಿಗೂ ಹೆಚ್ಚು. 40 ಅಂತಲೇ ಹಿಡಿದರೂ ನಮ್ಮ ಅಳತೆಯಲ್ಲಿ 460 ಮೀಟರ್ ಹಳಿ ಬೇಕು, ಶಾಲೆಯಿಂದ ಮಾರಮ್ಮನ ಗುಡಿ ದಾಟುತ್ತೆ. ಊರಿಂದೂರಿಗೆ ಹಾಗಿರಲಿ, ಒಂದೇ ಒಂದು ಪ್ಲಾಟ್‌ಫಾರ್ಮ್ ತಗೊಳ್ಳಿ. 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಇದೆ. 87ರಿಂದ ಭಾಗಿಸಿದರೂ 17 ಮೀಟರ್ ಮೇಲೆ ಬರುತ್ತೆ. ನಮ್ಮ ಜಗಲಿ ಸಾಲಲ್ಲ.

ಹಾಗಾದರೆ ರೈಲೇ ಬೇಡವಾ ಅಂತ ಕೇಳಬಹುದು. ಬೇಕು. ಜಾಗ ಕಮ್ಮಿ ಇದ್ದಾಗ ನಾವು ಹಳಿಯನ್ನು ಕಿರಿದು ಮಾಡ್ತೀವಿ, ತಿರುವನ್ನು ಬಿಗಿ ಮಾಡ್ತೀವಿ, ಆದರೆ ಆಸೆಯನ್ನು ಮಾತ್ರ ಕಿರಿದು ಮಾಡಲ್ಲ. ನಾನು ಹೇಳೋದು ತಿರುಗಾ. ಇಡೀ ದಾರಿ ಬೇಡ, ಸ್ಟೇಷನ್ನಿನ ಪಕ್ಕದ ಗೂಡ್ಸ್ ಯಾರ್ಡ್ ಒಂದೇ ಸಾಕು.

ಬ್ರಿಟನ್ನಿನ ಅಲನ್ ರೈಟ್ ಎಂಬುವರು ಇಂಥದೊಂದು ಮಾದರಿ ಮಾಡಿದ್ದರು. ಅದಕ್ಕೆ ಇಂಗಲ್‌ನೂಕ್ ಸೈಡಿಂಗ್ಸ್ ಅಂತ ಹೆಸರು. ಅದರಲ್ಲಿ ಮೂರೇ ಹಳಿ, ಎರಡೇ ಪಾಯಿಂಟು. ಉದ್ದದ ಹಳಿಯಲ್ಲಿ 5 ಡಬ್ಬಿ ನಿಲ್ಲಬಹುದು, ಗಿಡ್ಡ ಹಳಿ ಎರಡರಲ್ಲಿ ಮೂರು ಮೂರು. ಮೂರೂ ಸೇರುವ ಕಡೆ ಇಂಜಿನ್ ಓಡಾಡಲು ಒಂದು ತುಂಡು ಹಳಿ, ಅದರಲ್ಲಿ ಇಂಜಿನ್ ಜೊತೆಗೆ 3 ಡಬ್ಬಿಗೆ ಮಾತ್ರ ಜಾಗ. ಒಟ್ಟು 8 ಡಬ್ಬಿ. ಎಂಟು ಚೀಟಿ ಬರೆದು ಅದರಲ್ಲಿ ಐದನ್ನು ಎತ್ತಬೇಕು. ಚೀಟಿ ಬಂದ ಕ್ರಮದಲ್ಲೇ ಐದು ಡಬ್ಬಿಯ ಗಾಡಿ ಕಟ್ಟಬೇಕು. ಅಷ್ಟೇ ಆಟ.

ಓದೋಕೆ ಸುಲಭ. ಜಾತ್ರೆಯಲ್ಲಿ ಸಾಲಾಗಿ ನಿಲ್ಲಿಸಿದ ಗಾಡಿಗಳಲ್ಲಿ ಮಧ್ಯದ್ದನ್ನು ಬಿಡಿಸೋದು ಎಷ್ಟು ಕಷ್ಟ ಅಂತ ನೋಡಿದವರಿಗೆ ಗೊತ್ತು. ಬೇಕಾದ ಡಬ್ಬಿ ಯಾವಾಗಲೂ ಬೇಡದ ಡಬ್ಬಿಯ ಹಿಂದೇ ಇರುತ್ತೆ. ಬೇಡದ್ದನ್ನು ಎಳೆದು ಪಕ್ಕಕ್ಕೆ ಇಟ್ಟರೆ ಆ ಹಳಿ ತುಂಬಿಹೋಗುತ್ತೆ. ನಾಲ್ಕು ಡಬ್ಬಿ ಒಟ್ಟಿಗೆ ಎಳೆಯೋ ಹಾಗಿದ್ದರೆ ಆಟ ಎಷ್ಟೋ ಸಲೀಸು. ಮೂರೇ ಅಂದಿದ್ದಕ್ಕೇ ತಲೆ ಕೆರೆದುಕೊಳ್ಳಬೇಕು. ಜಾಗ ಕಮ್ಮಿ ಇರೋದೇ ಇಲ್ಲಿ ಆಟದ ಮಜಾ. ಎಂಟರಲ್ಲಿ ಐದನ್ನು ಸಾಲಾಗಿ ಜೋಡಿಸುವ ವಿಧಗಳು 8×7×6×5×4, ಅಂದರೆ 6720. ದಿನಕ್ಕೆ 20 ಆಟ ಆಡಿದರೂ ಮುಗಿಸೋಕೆ 336 ದಿನ ಬೇಕು. ಹತ್ತನೇ ಕ್ಲಾಸಿನವರು ಗಣಿತದಲ್ಲಿ ಪರೀಕ್ಷಿಸಿಕೊಳ್ಳಬಹುದು.

ಮೊನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಹಳಿ ಬರೆದು, ಎಂಟು ಬೆಂಕಿಪೊಟ್ಟಣಗಳಿಗೆ ನಂಬರ್ ಹಾಕಿ ಆಡಿದೆವು. ನಾನು ಎರಡು ಸಲ ಸೋತು ಕೈಬಿಟ್ಟೆ. ಎಂಟನೇ ತರಗತಿಯ ಒಬ್ಬ ಹುಡುಗಿ ಪಕ್ಕದಲ್ಲಿ ನಿಂತು ನೋಡ್ತಾ ಇದ್ದಳು. ‘ಅಣ್ಣಾ, ಅದನ್ನ ಈಗ್ಲೇ ಯಾಕೆ ತೆಗೀತೀಯ, ಮೊದ್ಲು ಹಿಂದಿಂದು ಜೋಡ್ಸು’ ಅಂದಳು. ಕೂತಳು, ಗಂಟೆ ಹೊಡೆಯೋದರೊಳಗೆ ಕಟ್ಟಿಬಿಟ್ಟಳು. ಹೋದ ವರ್ಷ ಪ್ರದರ್ಶನದಲ್ಲಿ ಅವಳ ಕ್ಲಾಸಿನವರಿಗೆ ಸಿಕ್ಕ ಕೆಲಸ ಚಾರ್ಟ್ ಹಿಡಿದು ನಿಲ್ಲೋದು. ಗುಂಡನೆ ಹಳಿಯಲ್ಲಿ ಹಾಗೇ ಆಗೋದು. ಒಬ್ಬ ಸ್ವಿಚ್ ತಿರುಗಿಸ್ತಾನೆ, ಮಿಕ್ಕವರೆಲ್ಲ ಬಾಯಿ ಬಿಟ್ಟುಕೊಂಡು ನೋಡ್ತಾರೆ. ಯಾರ್ಡಿನಲ್ಲಾದರೆ ಪಾಯಿಂಟಿಗೊಬ್ಬರು, ಊದುಬತ್ತಿ ಕಡ್ಡಿ ಹಿಡಿದು ಕೊಂಡಿ ಬಿಡಿಸೋಕೆ ಒಬ್ಬರು, ಚೀಟಿ ಓದೋಕೆ ಒಬ್ಬರು ಬೇಕು. ನೋಡೋಕೆ ಬಂದವರ ಕೈಲೂ ಚೀಟಿ ಎತ್ತಿಸಬಹುದು.

ಜಾಗದ ಲೆಕ್ಕವನ್ನೂ ಮಾಡಿದ್ದೇನೆ. ವಿಜ್ಞಾನದ ಕೋಣೆಯ ಕಿಟಕಿ ಕೆಳಗಿನ ಹಲಗೆ 7 ಅಡಿ ಉದ್ದ, 15 ಇಂಚು ಅಗಲ ಇದೆ. ನಮ್ಮ ಇಂಜಿನ್ 18 ಸೆಂ.ಮೀ., ಕೊಂಡಿ ಸೇರಿ ಒಂದು ಡಬ್ಬಿ 15 ಸೆಂ.ಮೀ., ಪಾಯಿಂಟು 23 ಸೆಂ.ಮೀ. ಇಂಜಿನ್ನಿನ ತುಂಡು ಹಳಿಗೆ 63, ಪಾಯಿಂಟಿಗೆ 23, ಉದ್ದದ ಹಳಿಗೆ 75. ಪಕ್ಕದ ಡಬ್ಬಿಗೆ ತಾಗದ ಹಾಗೆ ಇನ್ನೊಂದು 10 ಬಿಟ್ಟರೂ ಒಟ್ಟು 171 ಸೆಂಟಿಮೀಟರ್, ಆರು ಅಡಿಯೊಳಗೆ ಆಯಿತು. ಮಿಕ್ಕ ಜಾಗದಲ್ಲಿ ಗೋಡೌನು, ಎರಡು ತೆಂಗಿನ ಮರ, ತಿಪಟೂರಿನ ಕೊಬ್ಬರಿ ಮೂಟೆಗಳು. ಯಾವ ಮೂಲೆಗೂ ಕೈ ಎಟುಕುತ್ತೆ. ರೈಲು ಬಿದ್ದರೂ ಗುಡ್ಡ ಒಡೀಬೇಕಾಗಿಲ್ಲ.

ಒಂದು ತೊಂದರೆ ಇದೆ, ಮುಚ್ಚಿಡಲ್ಲ. ಸೆಟ್ಟಿನಲ್ಲಿ ಇರೋದು 5 ಡಬ್ಬಿ, ಪಾಯಿಂಟು ಒಂದೇ. ಇನ್ನೊಂದು ಪಾಯಿಂಟು ಕೊಳ್ಳಲೇಬೇಕು. ಡಬ್ಬಿ ಐದಕ್ಕೇ ಚಿಕ್ಕ ಆಟ ಇದೆ. ಉದ್ದದ ಹಳಿಗೆ 3, ಗಿಡ್ಡವಕ್ಕೆ ಎರಡೆರಡು, ಇಂಜಿನ್ ಜೊತೆಗೆ 2, ಕಟ್ಟಬೇಕಾದ್ದು ಮೂರು ಡಬ್ಬಿಯ ಗಾಡಿ. ಇದರಲ್ಲಿ 60 ವಿಧ ಮಾತ್ರ. ಪ್ರದರ್ಶನ ಒಂದು ದಿನದ್ದು, ಅರವತ್ತು ಸಾಕು. ಹಳಿಯನ್ನು ಮಾತ್ರ ದೊಡ್ಡ ಆಟದ ಉದ್ದಕ್ಕೇ ಹಾಕಿರೋಣ, ಮುಂದೆ ಡಬ್ಬಿ ಸಿಕ್ಕಾಗ ಸೇರಿಸಬಹುದು.

ರೈಲು ನಿಲ್ಲದೆ ಓಡೋದನ್ನ ನೋಡೋಕೆ ಬರುವ ಪುಟ್ಟ ಮಕ್ಕಳಿಗೆ ಇದರಿಂದ ಬೇಜಾರಾಗುತ್ತೆ ಅಂತ ಹಿಂದಿ ಮಿಸ್ ಹೇಳಿದರು. ಅದು ನಿಜವೇ. ನನ್ನ ತಮ್ಮನೂ ಮೊದಲು ಕೇಳೋದು ‘ಸುತ್ತು ಹೊಡೆಯಲ್ವಾ?’ ಅಂತಲೇ. ಇದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಅವನ ಕೈಗೆ ಒಂದು ಚೀಟಿ ಕೊಟ್ಟು ನೋಡಬೇಕು.

ಹಳಿ ಮೊಳೆ ಹೊಡೆಯೋ ಮುಂಚೆ ಹಳೇ ಪತ್ರಿಕೆಗಳನ್ನು ಅಂಟಿಸಿ 7 ಅಡಿ ಹಾಳೆ ಮಾಡಿ, ಅದರ ಮೇಲೆ ನಿಜವಾದ ಅಳತೆಗೇ ನಕ್ಷೆ ಬರೆಯಬೇಕು. ರಟ್ಟಿನ ಡಬ್ಬಿ ಕತ್ತರಿಸಿ ಇಟ್ಟು ನೋಡಬೇಕು. ಹಾಳೆ ನಾನು ತರುತ್ತೇನೆ. ಕಂಟ್ರೋಲರಿಗೆ ಹೋದ ವರ್ಷದ ಹುಡುಗನೇ ಆಗಬೇಕು. ಕರೆಯೋಕೆ ನಾನೇ ಅವರ ಮನೆಗೆ ಹೋಗ್ತೀನಿ, ಮೇಜಿನ ಅಗಲದ ಲೆಕ್ಕವನ್ನೂ ತೋರಿಸ್ತೀನಿ. ಹಲಗೆ ಮೇಲಿರುವ ಬೀಕರುಗಳನ್ನು ಎಲ್ಲಿಡಬೇಕು ಅಂತ ಮಾತ್ರ ವಿಜ್ಞಾನ ಮೇಷ್ಟ್ರು ಶನಿವಾರದೊಳಗೆ ಹೇಳಬೇಕು.

– 9ನೇ ತರಗತಿಯ ವಿದ್ಯಾರ್ಥಿ