ಬೇಸಿಗೆಯ ನೀರಿನ ಅಭಾವ ಮತ್ತು ಮನೆಯಂಗಳದ ಹುಲ್ಲುಹಾಸು

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡವನ್ನು ನಿಗದಿಪಡಿಸಿತು. 2025ರ ಫೆಬ್ರವರಿಯಲ್ಲಿ ಅದೇ ನಿರ್ಬಂಧ ಮರಳಿ ಬಂದಿತು. ವಸಂತದಲ್ಲಿ ಒಣಗಿದ ಹುಲ್ಲುಹಾಸನ್ನು ಪುನಶ್ಚೇತನಗೊಳಿಸುವ ಕ್ರಮವನ್ನು ಈ ಹಿನ್ನೆಲೆಯಲ್ಲಿಯೇ ಪರಿಶೀಲಿಸಬೇಕಾಗಿದೆ.

ಒಂದು ಚದರ ಮೀಟರಿಗೆ 1 ಮಿ.ಮೀ. ನೀರೆಂದರೆ 1 ಲೀಟರ್. ವಾರಕ್ಕೆ 25 ಮಿ.ಮೀ. ನೀಡಿದರೆ 100 ಚದರ ಮೀಟರಿಗೆ 2,500 ಲೀಟರ್ ಬೇಕು. ಕೊಳವೆಬಾವಿಗಳು ಬತ್ತುವ ಕಾಲದಲ್ಲಿ ಇಷ್ಟು ನೀರನ್ನು ಹಸಿರು ಬಣ್ಣಕ್ಕಾಗಿ ವ್ಯಯಿಸುವುದು ಉಚಿತವಲ್ಲ. ಅದರ ಅಗತ್ಯವೂ ಇಲ್ಲ.

ಗರಿಕೆ ಹುಲ್ಲು ನೀರಿಲ್ಲದಾಗ ಎಲೆಗಳನ್ನು ಒಣಗಿಸಿಕೊಂಡು ಸುಪ್ತಾವಸ್ಥೆಗೆ ಸರಿಯುತ್ತದೆ. ನೆಲದೊಳಗಿನ ಕಾಂಡ ಜೀವಂತವಾಗಿರುತ್ತದೆ. ಒಂದೆರಡು ಕಡೆ ಬುಡವನ್ನು ಅಗೆದು ನೋಡಿರಿ. ಕಾಂಡ ಗಟ್ಟಿಯಾಗಿ, ಬಿಳುಪಾಗಿದ್ದರೆ ಹುಲ್ಲು ಸತ್ತಿಲ್ಲ. ಅದನ್ನು ಕಿತ್ತು ಹೊಸದಾಗಿ ನೆಟ್ಟರೆ ನೀರು, ಹಣ ಎರಡೂ ನಷ್ಟ.

ಮಳೆ ಬರುವವರೆಗೆ ಹುಲ್ಲನ್ನು 4–5 ಸೆಂ.ಮೀ. ಎತ್ತರದಲ್ಲಿ ಉಳಿಸಿಕೊಳ್ಳಿರಿ, ಯೂರಿಯಾ ನೀಡಬೇಡಿರಿ. ನೀರುಣಿಸಲೇಬೇಕಿದ್ದರೆ ದಿನವೂ ಚಿಮುಕಿಸದೆ, ಸಂಸ್ಕರಿಸಿದ ನೀರನ್ನು ವಾರಕ್ಕೊಮ್ಮೆ ಮುಂಜಾನೆ, ಬೇರಿನ ಆಳಕ್ಕೆ ಇಳಿಯುವಂತೆ ಕೊಡಿರಿ. ಮುಂಗಾರು ಪೂರ್ವ ಮಳೆಯಿಂದ ಮಣ್ಣು ನೆನೆದ ಬಳಿಕ ಕಳೆ ಕಿತ್ತು, ಗಡುಸಾದ ನೆಲಕ್ಕೆ ಸಲಾಕೆಯಿಂದ ರಂಧ್ರ ಮಾಡಿ, ಜರಡಿ ಹಿಡಿದ ಕಾಂಪೋಸ್ಟನ್ನು ತೆಳುವಾಗಿ ಹರಡಿರಿ.

ಹುಲ್ಲುಹಾಸು ಬೆಳೆದು ಮಾರುವ ರೈತರು ಹೊಸ ನೆಡುತೋಪನ್ನು ಮಾರ್ಚ್‌ನ ಬದಲು ಜೂನ್‌ನಲ್ಲಿ ಕೈಗೊಳ್ಳುವಂತೆ ಗ್ರಾಹಕರಿಗೆ ತಿಳಿಸುವುದು ಸೂಕ್ತ. ವಿಸ್ತರಣಾ ಕಾರ್ಯಕರ್ತರು ಮೊದಲು ಮನದಟ್ಟು ಮಾಡಿಸಬೇಕಾದ ಅಂಶ ಒಂದೇ: ಬೇಸಿಗೆಯಲ್ಲಿ ಕಂದಿದ ಹುಲ್ಲು ರೋಗದ ಲಕ್ಷಣವಲ್ಲ, ಮಳೆಗಾಗಿ ಕಾಯುವ ಸಸ್ಯದ ಸಹಜ ಸ್ಥಿತಿ.