ಹಳೆಯ ಪೆಟ್ಟಿಗೆಗೆ ಹೊಸ ನೆನಪು

ಯಂತ್ರಗಳಿಗೂ ಅಕಾಲಮರಣವುಂಟೆಂಬುದು ನಮ್ಮ ಕಾಲದ ಒಂದು ವೈಚಿತ್ರ್ಯ. ತಂತಿ ಸುಡದೆ, ಅಂಗಗಳಾವುವೂ ಮುರಿಯದೆ ಇರುವಾಗಲೇ ‘ಇದು ಹಳೆಯದಾಯಿತು’ ಎಂಬ ಒಂದು ಮಾತಿನಿಂದ ಮೇಜಿನ ಗಣಕಯಂತ್ರವನ್ನು ಗುಜರಿಗೆ ಕಳುಹಿಸಿಬಿಡುತ್ತೇವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲಂತೂ ಈ ಮಾತಿಗೆ ಶಾಸನದ ಬಲ ಬಂದಂತಾಗಿದೆ. ಅದರ ಮುಂದಿನ ವಿಂಡೋಸ್ 11, 2017ಕ್ಕೆ ಹಿಂದಿನ ಬಹುತೇಕ ಯಂತ್ರಗಳನ್ನು ಒಪ್ಪುವುದಿಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರದಂತಹ ಊರುಗಳಲ್ಲಿ ಶಾಲೆಯ ಕೊಠಡಿಗಳಲ್ಲಿಯೂ, ಬೆರಳಚ್ಚಿನ ಅಂಗಡಿಗಳಲ್ಲಿಯೂ, ನಿವೃತ್ತ ಉಪಾಧ್ಯಾಯರ ಮನೆಗಳಲ್ಲಿಯೂ ಇರುವ ಪೆಟ್ಟಿಗೆಗಳಲ್ಲಿ ಅನೇಕವು ಆ ವಯಸ್ಸಿನವೇ. ಅವುಗಳ ಪರವಾಗಿ ನಾಲ್ಕು ಮಾತನ್ನಾಡಬೇಕೆಂದು ನನಗೆ ಅನ್ನಿಸಿದೆ.

ನರಸೀಪುರದಲ್ಲಿ ನನ್ನ ಮಿತ್ರರೊಬ್ಬರಿದ್ದಾರೆ. ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಅವರ ಗಣಕ 2012ರಲ್ಲಿ ಕೊಂಡದ್ದು. ಬೆಳಗ್ಗೆ ಗುಂಡಿಯನ್ನೊತ್ತಿ, ಸ್ನಾನ ಮುಗಿಸಿ, ಕಾಫಿ ಕುಡಿದು ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಲೇ ಇರುತ್ತಿತ್ತು. ತೋರಿಸಿದ ಅಂಗಡಿಯಲ್ಲಿ, ತೂಕಕ್ಕೆ ಹಾಕಿ ಹೊಸದು ಕೊಳ್ಳಿ ಎಂದರಂತೆ. ಅಂಗಡಿಯವರ ಮಾತಿನಲ್ಲಿ ವ್ಯಾಪಾರವಿದ್ದಷ್ಟು ವೈದ್ಯವಿರಲಿಲ್ಲ ಎಂಬುದು ನನ್ನ ಎಣಿಕೆ.

ರೋಗವಿರುವುದು ಮಿದುಳಿನಲ್ಲಲ್ಲ, ನೆನಪಿನಲ್ಲಿ. ಹಾರ್ಡ್ ಡಿಸ್ಕ್ ಎಂಬುದು ತಿರುಗುವ ತಟ್ಟೆ. ನಿಮಿಷಕ್ಕೆ 7200 ಸುತ್ತು. ಬೇಕಾದ ಅಕ್ಷರವಿರುವ ಜಾಗಕ್ಕೆ ಅದರ ತೋಳು ಸರಿಯಬೇಕು, ಆ ಜಾಗ ತಿರುಗಿ ತೋಳಿನ ಕೆಳಗೆ ಬರುವವರೆಗೆ ಕಾಯಬೇಕು. ಎರಡೂ ಸೇರಿ ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಇದು ಅಲ್ಪವೆಂದು ಕಾಣಬಹುದು. ಆದರೆ ಯಂತ್ರ ಏಳುವಾಗ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಸಾವಿರಾರು ಚೂರುಗಳನ್ನು ಹುಡುಕಿ ತರಬೇಕು. ಸೆಕೆಂಡಿಗೆ ಎಂಬತ್ತರ ಸುಮಾರು ಹುಡುಕಾಟಕ್ಕಿಂತ ಹೆಚ್ಚು ಆ ತೋಳಿನಿಂದಾಗದು. 1956ರಲ್ಲಿ, ನಮ್ಮ ಕನ್ನಡನಾಡು ಒಂದಾದ ವರ್ಷವೇ, ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ಅಷ್ಟಕ್ಕೂ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಗಾತ್ರ ಕುಗ್ಗಿತು, ಸಾಮರ್ಥ್ಯ ಬೆಳೆಯಿತು. ತಟ್ಟೆ ತಿರುಗುವುದು ಮಾತ್ರ ತಪ್ಪಲಿಲ್ಲ.

ಸಾಲಿಡ್ ಸ್ಟೇಟ್ ಡ್ರೈವ್‌ನಲ್ಲಿ ತಿರುಗುವುದು ಯಾವುದೂ ಇಲ್ಲ. 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೋ ಮಸುಓಕ ರೂಪಿಸಿದ ಫ್ಲ್ಯಾಶ್ ಸ್ಮೃತಿಯೇ ಅದರ ಜೀವಾಳ: ಸೂಕ್ಷ್ಮ ಕೋಶಗಳಲ್ಲಿ ವಿದ್ಯುತ್ಕಣಗಳನ್ನು ಸೆರೆಹಿಡಿದಿಡುವ ಉಪಾಯ. ಯಾವ ಕೋಶವನ್ನು ಕೇಳಿದರೂ ಉತ್ತರ ಬರುವುದಕ್ಕೆ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಸಾಕು. ಹಳೆಯ ಗಣಕದ ಸಾಟಾ ದಾರಿ ಇಂದಿನದರ ಅರ್ಧ ವೇಗದ್ದಾಗಿದ್ದರೂ ಚಿಂತೆಯಿಲ್ಲ; ಲಾಭವಿರುವುದು ಹರಿವಿನಲ್ಲಲ್ಲ, ಹುಡುಕಾಟದಲ್ಲಿ.

ಜೋಡಿಸುವ ಕೆಲಸವನ್ನು ಮಿತ್ರರ ಪಕ್ಕದ ಮನೆಯ ಕಾಲೇಜು ಹುಡುಗನೊಬ್ಬ ಒಂದು ಸಂಜೆಯಲ್ಲಿ ಮುಗಿಸಿದ. ನಾನು ಟಾರ್ಚು ಹಿಡಿದವನು ಮಾತ್ರ. ವಿದ್ಯುತ್ತಿನ ತಂತಿಯನ್ನು ಕಿತ್ತು, ಲೋಹದ ಮೈಯನ್ನು ಒಮ್ಮೆ ಮುಟ್ಟಿ ಕೈಯ ವಿದ್ಯುತ್ತನ್ನು ಇಳಿಸಿಕೊಂಡು, ಎರಡು ತಿರುಪು ಬಿಚ್ಚಿದರೆ ಪಕ್ಕದ ಬಾಗಿಲು ತೆರೆಯಿತು. ಒಳಗಿದ್ದ ಧೂಳನ್ನು ವರ್ಣಿಸಲು ಚಂಪೂಕವಿಯೇ ಬೇಕು! ದತ್ತಾಂಶಕ್ಕೊಂದು ಕಿರಿಯ ತಂತಿ, ವಿದ್ಯುತ್ತಿಗೊಂದು ಅಗಲದ ತಂತಿ. ಎರಡೂ ಒಂದೇ ದಿಕ್ಕಿನಲ್ಲಿ ಮಾತ್ರ ಕೂರುವುದರಿಂದ ಅಡಿಮೇಲಾಗುವ ಭಯವಿಲ್ಲ. ಅಂಗೈಯಗಲದ ಡ್ರೈವ್ ಅಲುಗದಂತೆ ನಿಂತರಾಯಿತು. ಮದರ್‌ಬೋರ್ಡಿನ ಮೇಲಿದ್ದ ನಾಣ್ಯದಾಕಾರದ ಬ್ಯಾಟರಿಯನ್ನೂ ಬದಲಿಸಿದ. ಅದು ಸತ್ತಿದ್ದರೆ ಯಂತ್ರ ತಾರೀಖನ್ನು ಮರೆತು, ಅಂತರಜಾಲದ ತಾಣಗಳು ಒಳಗೆ ಬಿಡುವುದಿಲ್ಲ. ವಿಂಡೋಸಿನ ಬದಲು ಉಚಿತವಾಗಿ ದೊರೆಯುವ ಲಿನಕ್ಸನ್ನು ಹಾಕಿದ್ದಾಯಿತು. ಕೆ. ಪಿ. ರಾವ್ ಅವರ ಕಗಪ ಕೀಲಿವಿನ್ಯಾಸ ಅದರಲ್ಲಿ ಮೊದಲೇ ಇದೆ. ಗಣಕ ಒಂದು ನಿಮಿಷದೊಳಗೆ ಎದ್ದು ನಿಂತಿತು. ಹೊಸ ಯಂತ್ರದ ಬೆಲೆಯ ಹತ್ತರಲ್ಲೊಂದು ಪಾಲಿನಷ್ಟೂ ಖರ್ಚಾಗಲಿಲ್ಲ.

ನಂಜನಗೂಡಿಗೆ ಹೋದವರು ಕಪಿಲೆಯ ಹಳೆಯ ಸೇತುವೆಯನ್ನು ನೋಡಿರಬಹುದು. 1735ರದೆಂದು ಹೇಳುವ, ದಳವಾಯಿಗಳ ಕಾಲದ ಕಲ್ಲುಸೇತುವೆ. ಗಾಡಿಗಾಗಿ ಕಟ್ಟಿದ್ದರ ಮೇಲೆ ಮುಂದೆ ರೈಲಿನ ಹಳಿ ಹಾಸಿದರು. ಕಮಾನು ಗಟ್ಟಿಯಾಗಿತ್ತು, ಕೆಡವುವ ಯೋಚನೆ ಬರಲಿಲ್ಲ. ಅಗಲ ಹಳಿ ಬಂದ ಮೇಲೆ ರೈಲು ಬೇರೆ ಸೇತುವೆಗೆ ಹೋಯಿತೆನ್ನುವುದೂ ನಿಜವೇ. ಹಳೆಯ ಗಣಕಕ್ಕೂ ಅಂತಹ ಮಿತಿಯುಂಟು. ಸಾಟಾಕ್ಕೂ ಹಿಂದಿನ, ಅಗಲಪಟ್ಟಿಯ ತಂತಿಯ ಯಂತ್ರಕ್ಕೆ ಹಣ ಸುರಿಯಬಾರದು; ಚಲನಚಿತ್ರ ಜೋಡಿಸುವವರಿಗೂ ಇದು ಸಾಲದು. ಆದರೆ ಪ್ರಶ್ನೆಪತ್ರಿಕೆ ಬೆರಳಚ್ಚಿಸುವ ಶಾಲೆಗೆ, ಓದುವ ವಿದ್ಯಾರ್ಥಿಗೆ, ಬರೆಯುವ ಪಂಡಿತನಿಗೆ ಇದಕ್ಕಿಂತ ಹೆಚ್ಚೇನು ಬೇಕು?

ನಾನು ಮುಖ್ಯವಾಗಿ ಹೇಳಬೇಕಾದುದು ಕಿತ್ತ ತಟ್ಟೆಯ ವಿಚಾರ. ಗಣಕವನ್ನು ತೂಕಕ್ಕೆ ಹಾಕುವವರು, ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂದು ಸುಲಭವಾಗಿ ನುಡಿಯುವವರು, ಆ ತಟ್ಟೆಯಲ್ಲಿ ಏನಿದೆಯೆಂದು ಕೇಳುವುದಿಲ್ಲ. ಎರಡು ದಶಕಗಳ ಕಾಲ ನಮ್ಮ ತಾಲ್ಲೂಕುಗಳ ಕನ್ನಡ ಬರವಣಿಗೆ ಬಹುಪಾಲು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿಯೋ ಬರಹದಲ್ಲಿಯೋ ನಡೆಯಿತು. ಯೂನಿಕೋಡಿಗೆ ಹೊಂದದ ಆ ಹಳೆಯ ಕಡತಗಳನ್ನು ಅವುಗಳ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಕೆಟ್ಟುಹೋಗಿದೆಯೆಂದು ಅಳಿಸಿದವರೂ ಇದ್ದಾರೆ. ತಾಳೆಗರಿಯನ್ನು ಗೆದ್ದಲು ತಿಂದರೆ ಮರುಗುವ ನಾವು ಇದಕ್ಕೆ ಮರುಗದಿರುವುದು ನನಗೆ ವಿಚಿತ್ರವಾಗಿ ತೋರುತ್ತದೆ. ಹೊಸ ಡ್ರೈವ್ ಕೂಡ ಅಮರವಲ್ಲ. ತಟ್ಟೆ ಸಾಯುವ ಮುನ್ನ ಅನೇಕ ವೇಳೆ ಕಟಕಟನೆ ಸದ್ದು ಮಾಡಿ ಎಚ್ಚರಿಸುತ್ತದೆ. ಇದು ಮೌನವಾಗಿಯೇ ಸಾಯಬಲ್ಲದು, ಬಹುಕಾಲ ವಿದ್ಯುತ್ತಿಲ್ಲದೆ ಕಪಾಟಿನಲ್ಲಿಟ್ಟರೆ ಮರೆಯಲೂ ಬಲ್ಲದು. ಆದುದರಿಂದ ಹಳೆಯ ತಟ್ಟೆ ನೆಟ್ಟಗಿದ್ದರೆ ಅದನ್ನು ಪೆಟ್ಟಿಗೆಯಲ್ಲಿಯೇ ಎರಡನೆಯದಾಗಿ ಉಳಿಸಿ, ಬರಹಗಳ ಇನ್ನೊಂದು ಪ್ರತಿಯನ್ನು ಹೊರಗೆ ಇಡುವುದೇ ಮೇಲು. ನಮ್ಮ ಶಾಲೆ ಕಾಲೇಜುಗಳು ಹಳೆಯ ಗಣಕಗಳನ್ನು ಲೆಕ್ಕದಿಂದ ತೆಗೆದುಹಾಕುವ ಮುನ್ನ, ಅವನ್ನು ಹುಡುಗರ ಮುಂದೆ ಒಮ್ಮೆ ಬಿಚ್ಚಿ ಈ ಕೆಲಸ ಕಲಿಸಬಾರದೇಕೆ? ಕನ್ನಡದ ಉಪಾಧ್ಯಾಯರೂ ಆಗ ಪಕ್ಕದಲ್ಲಿರಬೇಕು. ಯಾವ ಕಡತ ಉಳಿಯತಕ್ಕದ್ದೆಂದು ಬಲ್ಲವರು ಅವರು.

ಮಿತ್ರರ ತಟ್ಟೆಯಲ್ಲಿದ್ದುದು ತಲಕಾಡು, ಸೋಮನಾಥಪುರಗಳ ಸುತ್ತಣ ಹಳ್ಳಿಗಳ ಹೊಲಗದ್ದೆಗಳ ಹೆಸರುಗಳು. ಹನ್ನೆರಡು ವರ್ಷ ಮುದುಕರನ್ನು ಕೇಳಿ ಕೇಳಿ ನುಡಿಯಲ್ಲಿ ಬರೆದಿಟ್ಟದ್ದು. ಹೇಳಿದವರಲ್ಲಿ ಎಷ್ಟೋ ಮಂದಿ ಈಗಿಲ್ಲ. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶ ಬಹುಮಟ್ಟಿಗೆ ಸರಿಯಾಗಿಯೇ ತಂದಿತು. ಅರ್ಕಾವತ್ತುಗಳು ಮಾತ್ರ ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಹಾರಿ ಕುಳಿತಿವೆ. ಪಂಡಿತರು ದಿನಕ್ಕೆ ಹತ್ತು ಪುಟದಂತೆ ಅವನ್ನು ಹಿಡಿದು ಸ್ವಸ್ಥಾನಕ್ಕೆ ಕೂರಿಸುತ್ತಿದ್ದಾರೆ. ಇನ್ನೂ ಇನ್ನೂರು ಪುಟವಿದೆಯಂತೆ.