ಹೋರಿ ಹೇರೋ ಪಿಕಪ್: ಎಳೆಯೋದಲ್ಲ, ನಿಲ್ಲೋದು ನೋಡ್ರಿ

ಭಾಗ 1/7 👇 ಪ್ರಶ್ನೇನೇ ಬದಲಾಗಬೇಕು

ದೀಪಾವಳಿ ಹತ್ತಿರ ಬಂತು ಅಂದ್ರ ನನ್ನ ಇನ್‌ಬಾಕ್ಸಿಗೆ ಒಂದೇ ಪ್ರಶ್ನೆ. "ಹೋರಿ ಒಯ್ಯಾಕ ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ತಗೋಬೇಕು, ಯಾವ್ದರ ಪಿಕಪ್ ಜೋರ ಐತಿ?" ಶಿಗ್ಗಾಂವಿ, ಸವಣೂರು, ಹಾನಗಲ್, ಹಿರೇಕೆರೂರು, ಎಲ್ಲಾ ಕಡೆ ಹುಡುಗರು ಕೇಳೋದು ಇದನ್ನೇ. ನಮ್ಮ ಹಿರೇಬೆಂಡಿಗೇರಿ ದೋಸ್ತರೂ ಅಷ್ಟೇ.

ಬಲಿಪಾಡ್ಯಮಿಗೆ ಶುರುವಾದ ಹೋರಿ ಹಬ್ಬ ಮುಂದೆ ತಿಂಗಳುಗಟ್ಟಲೆ ಊರಿಂದ ಊರಿಗೆ ನಡೆಯುತ್ತದೆ. ಮೊದಲು ಹೋರಿಯನ್ನ ನಡೆಸಿಕೊಂಡು ಪಕ್ಕದ ಊರಿಗೆ ಒಯ್ಯುತ್ತಿದ್ದರು. ಈಗ ಬೇರೆ ತಾಲೂಕಿನ ಅಖಾಡಕ್ಕೆ ಒಂದೇ ದಿನದಾಗ ಹೋಗಿ ಬರಬೇಕು. ಅದಕ್ಕೇ ಐದಾರು ಗೆಳೆಯರು ಪಟ್ಟಿ ಹಾಕಿ ರೊಕ್ಕ ಕೂಡಿಸಿ ಹಳೇ ಪಿಕಪ್ ಹುಡುಕ್ತಾರೆ. ಇದರಾಗ ತಪ್ಪೇನಿಲ್ಲ.

ಆದರ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಎಂಜಿನ್ ಎಷ್ಟು ಎಳೀತೈತಿ ಅನ್ನೋದು ಕೊನೇ ಪ್ರಶ್ನೆ. ಮೊದಲನೇದು, ಗಾಡಿ ಕಾಗದದ ಪ್ರಕಾರ ಎಷ್ಟು ಹೊರಬಹುದು? ಎರಡನೇದು, ಹೊತ್ತಿದ್ದನ್ನ ಸಮಯಕ್ಕೆ ಸರಿಯಾಗಿ ನಿಲ್ಲಿಸ್ತೈತೋ ಇಲ್ಲೋ? ಇವೆರಡಕ್ಕ ಉತ್ತರ ಸಿಗದ ಗಾಡಿ ಎಷ್ಟೇ ಅಗ್ಗ ಸಿಕ್ಕರೂ ಬ್ಯಾಡ.

ಭಾಗ 2/7 👇 ತೂಕದ ಲೆಕ್ಕ

ಆರ್‌ಸಿ ಕೈಯಾಗ ಹಿಡೀರಿ. ಅದರಲ್ಲಿ ಎರಡು ಅಂಕಿ ಇರ್ತಾವ. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ಲೋಡ್ ಸಹಿತ ಗರಿಷ್ಠ ತೂಕ. ದೊಡ್ಡದರಾಗ ಸಣ್ಣದು ಕಳೀರಿ. ಉಳಿದದ್ದೇ ನೀವು ಹೇರಬಹುದಾದ ಭಾರ. ಹೋರಿ, ಮೇವು, ನೀರು, ಕಬ್ಬಿಣದ ಜಾಲರಿ, ಕೂತ ಮಂದಿ, ಎಲ್ಲಾ ಅದರೊಳಗೇ ಬರಬೇಕು.

ಈಗ ಒಂದು ಸಾಮಾನ್ಯ ಟ್ರಿಪ್ ಲೆಕ್ಕ ಹಾಕೋಣ. ಚೆನ್ನಾಗಿ ಮೇಯಿಸಿದ ಹೋರಿ 550 ಕೆಜಿ ಹಿಡೀರಿ. ಜೊತೆಗೆ ಹತ್ತು ಹುಡುಗರು, ತಲಾ 60 ಕೆಜಿ ಅಂದ್ರೂ 600 ಕೆಜಿ. 200 ಲೀಟರ್ ನೀರಿನ ಡ್ರಮ್ ಅಂದ್ರ 200 ಕೆಜಿ. ಮೇವು, ಜಾಲರಿ, ಸ್ಪೀಕರ್ ಸೇರಿ ಇನ್ನೊಂದು 150. ಒಟ್ಟು 1,500 ಕೆಜಿ. 1.3 ಟನ್ ಪಿಕಪ್ ಆದ್ರ ಒಂದೇ ಹೋರಿಗೆ ಓವರ್‌ಲೋಡ್! ಗಮನಿಸ್ರಿ, ಇಲ್ಲಿ ಹೋರಿಗಿಂತ ಹುಡುಗರ ತೂಕವೇ ಜಾಸ್ತಿ.

ಇನ್ನೊಂದು ಮಾತು. ಹಿಂದಿನ ಮಾಲೀಕ ಕಟ್ಟಿಸಿದ ಜಾಲರಿ, ಹೆಚ್ಚುವರಿ ಬಂಪರ್, ಕ್ಯಾಬಿನ್ ಮೇಲಿನ ಕ್ಯಾರಿಯರ್, ಇವ್ಯಾವೂ ಆರ್‌ಸಿಯ ಖಾಲಿ ತೂಕದಾಗ ಸೇರಿರಲ್ಲ. ಅದಕ್ಕ ವ್ಯವಹಾರ ಮುಗಿಸೋ ಮೊದಲು ಖಾಲಿ ಗಾಡಿಯನ್ನ ವೇಬ್ರಿಜ್ ಮೇಲೆ ಹತ್ತಿಸ್ರಿ. ಚೀಟಿ ಸುಳ್ಳು ಹೇಳಲ್ಲ, ಏಜೆಂಟ್ ಹೇಳಬಹುದು.

ಭಾಗ 3/7 👇 ಅಮೆರಿಕದ ಕ್ಯಾಂಪರ್, ನಮ್ಮ ಹೋರಿ

ನೀವೂ ಆ ರೀಲ್ಸ್ ನೋಡಿರ್ತೀರಿ. ಅಮೆರಿಕದಾಗ ದೊಡ್ಡ ಡೀಸೆಲ್ ಪಿಕಪ್ ಹಿಂದೆ ಮನೆಯಂಥಾ ಗಾಡಿ ಜೋಡಿಸಿಕೊಂಡು ಹೊಂಟಿರ್ತಾರಲ್ಲ, ಅದಕ್ಕ ಅಲ್ಲಿ ಕ್ಯಾಂಪರ್ ಅಂತಾರೆ. (ನಮ್ಮ ಕಡೆ ಕ್ಯಾಂಪರ್ ಅಂದ್ರ ಮಹೀಂದ್ರದ ಡಬಲ್ ಕ್ಯಾಬಿನ್ ಬೊಲೆರೋ ಕ್ಯಾಂಪರ್. ಅದು ಬೇರೆ.)

ಅಲ್ಲಿ ಹಳೇ ಫೋರ್ಡ್ ಎಫ್-250, ರ‍್ಯಾಮ್ 2500 ಹುಡುಕೋ ಹೊಸಬರೂ ಮೊದಲು ಕೇಳೋದು "ಎಷ್ಟು ಎಳೀತದೆ" ಅಂತಾನೇ. ಅನುಭವಸ್ಥರ ಉತ್ತರ: ಡ್ರೈವರ್ ಬಾಗಿಲ ಹತ್ರ ಅಂಟಿಸಿದ ಪೇಲೋಡ್ ಚೀಟಿ ನೋಡು. ಯಾಕಂದ್ರ ಹಿಂದೆ ಎಳೆಯೋ ಕ್ಯಾಂಪರಿನ ತೂಕದಾಗ ಸುಮಾರು ಶೇ. 10ರಿಂದ 15ರಷ್ಟು ಕೊಂಡಿಯ ಮೂಲಕ ಪಿಕಪ್ ಮೇಲೇ ಕೂರುತ್ತದೆ. 3,000 ಕೆಜಿ ಕ್ಯಾಂಪರ್ ಆದ್ರ 300ರಿಂದ 450 ಕೆಜಿ. ಅದರ ಮೇಲೆ ಮನೆಮಂದಿ, ಸಾಮಾನು. ಎಂಜಿನ್ನಿನ ಶಕ್ತಿ ಇನ್ನೂ ಬಾಕಿ ಇರುವಾಗಲೇ ಹೊರೋ ಮಿತಿ ಮುಗಿದಿರುತ್ತದೆ. ಇನ್ನೊಂದು ಅಂದ್ರ, ಅಲ್ಲಿ ದೊಡ್ಡ ಕ್ಯಾಂಪರಿಗೆ ಅದರದ್ದೇ ಬ್ರೇಕ್ ಇರುತ್ತದೆ.

ಹೋರಿಗೆ ಬ್ರೇಕ್ ಎಲ್ಲೈತಿ? ಅದು ನಿಂತಿರೋ ಜೀವ. ತೂಕ ಎತ್ತರದಾಗ ಐತಿ. ತಿರುವಿನಲ್ಲಿ ಒಂದು ಹೆಜ್ಜೆ ಆ ಕಡೆ ಇಟ್ಟರೆ ಇಡೀ ಗಾಡಿ ವಾಲುತ್ತದೆ. ಜೋಳದ ಚೀಲ ಹಂಗ ಮಾಡಲ್ಲ.

ಪಿಯುಸಿ ಫಿಸಿಕ್ಸ್ ನೆನಪು ಮಾಡ್ಕೋರಿ. ವೇಗ 40ರಿಂದ 60ಕ್ಕ ಏರಿದರೆ ಬ್ರೇಕ್ ತಡೆಯಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಶಿಗ್ಗಾಂವಿ, ಬಂಕಾಪುರ ದಾಟೋ 48ನೇ ನಂಬರ್ ಹೈವೇದಾಗ ನಮ್ಮ ಹುಡುಗರು 40ರಾಗ ಹೋಗ್ತಾರಾ? ನೀವೇ ಹೇಳ್ರಿ.

ಭಾಗ 4/7 👇 ಹಂಗಾದ್ರ ಯಾವ ಗಾಡಿ?

ಟಾಟಾ ಏಸ್: 2005ರಲ್ಲಿ ಬಂದ "ಛೋಟಾ ಹಾಥಿ". ಮೊದಲಿನದು 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್, ಹೊರೋದು ಮುಕ್ಕಾಲು ಟನ್. ಹತ್ತಿರದ ಊರಿಗೆ, ಒಂದು ಹೋರಿ, ಜೊತೆಗೆ ಒಬ್ಬರು ಅಂದ್ರ ಲೆಕ್ಕದೊಳಗೆ ಕೂರುತ್ತದೆ. ಹೈವೇ ಹತ್ತಿ ದೂರ ಹೋಗೋರಿಗೆ ನಾನು ಹೇಳಲ್ಲ.

ಅಶೋಕ್ ಲೇಲ್ಯಾಂಡ್ ದೋಸ್ತ್: 2011ರಿಂದ ಐತಿ. 1,478 ಸಿಸಿ, ಮೂರು ಸಿಲಿಂಡರ್. ಒಂದು ಹೋರಿಗೆ ಸಾಕು. ಹೆಸರಂತೂ ನಮಗೇ ಇಟ್ಟಂಗ ಐತಿ 😄

ಮಹೀಂದ್ರ ಬೊಲೆರೋ ಪಿಕಪ್: 2,523 ಸಿಸಿ, ನಾಲ್ಕು ಸಿಲಿಂಡರ್. 1.3, 1.7 ಅಂತ ಬರೋ ಅಂಕಿ ಹೊರೋ ಟನ್ ಹೇಳುತ್ತದೆ. ಸಣ್ಣ ಊರಿನ ಮಿಸ್ತ್ರಿಗೂ ಗೊತ್ತಿರೋ ಗಾಡಿ.

ಟಾಟಾ ಯೋಧ: 2.2 ಲೀಟರ್ ಎಂಜಿನ್, ಎಳೆಯೋದು ಜಾಸ್ತಿ. ಕೊಳ್ಳೋ ಮೊದಲು ನಿಮ್ಮ ಊರಿನ ಹತ್ತಿರ ಇದನ್ನ ಬಿಚ್ಚಿ ಜೋಡಿಸೋ ಮಿಸ್ತ್ರಿ ಇದ್ದಾನಾ ಕೇಳ್ರಿ.

ನನ್ನ ಆಯ್ಕೆ: 1.7ರ ಬೊಲೆರೋ ಪಿಕಪ್. ಕಾರಣ ಎಂಜಿನ್ ಅಲ್ಲ. 1.3ಕ್ಕಿಂತ 400 ಕೆಜಿ ಜಾಸ್ತಿ ಅಂತರ ಸಿಗುತ್ತದೆ, ಆ ಅಂತರವೇ ನಿಮ್ಮ ಬ್ರೇಕಿನ ಉಸಿರು.

ಜಾಗದ ಲೆಕ್ಕಾನೂ ಐತಿ. ಮೋಟಾರು ವಾಹನ ನಿಯಮದ ಪ್ರಕಾರ ಒಂದು ದನಕ್ಕೆ 2 ಚದರ ಮೀಟರ್ ಬೇಕು. 8 ಅಡಿ ಉದ್ದ, ಐದೂವರೆ ಅಡಿ ಅಗಲದ ಡೆಕ್ ಅಂದ್ರ ಸುಮಾರು 4 ಚದರ ಮೀಟರ್. ಎರಡು ಹೋರಿ, ಅಷ್ಟೇ. ಮೂರನೇದಕ್ಕೆ ಜಾಗ ಇಲ್ಲ.

ಭಾಗ 5/7 👇 ಗಾಡಿಯ ಹಲ್ಲು ನೋಡೋದು ಹೆಂಗ

ಹೋರಿ ತಗೊಳ್ಳೋವಾಗ ಸುಳಿ ನೋಡ್ತೀವಿ, ಹಲ್ಲು ಎಣಿಸ್ತೀವಿ, ಗೊರಸು ನೋಡ್ತೀವಿ, ನಡೆಸಿ ನೋಡ್ತೀವಿ. ಗಾಡಿ ತಗೊಳ್ಳೋವಾಗ ಮಾತ್ರ ಪೇಂಟ್ ನೋಡಿ ಅಡ್ವಾನ್ಸ್ ಕೊಡ್ತೀವಿ. ಇದು ಯಾವ ನ್ಯಾಯ?

✔️ ಮುಂಜಾನೆ ಹೋಗ್ರಿ. ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸ್ರಿ. ನೀವು ಹೋಗೋಕೂ ಮೊದಲೇ ಬಿಸಿ ಮಾಡಿ ಇಟ್ಟಿದ್ರ ಅನುಮಾನ ಪಡ್ರಿ.
✔️ ಹೊಗೆ: ನೀಲಿ ಅಂದ್ರ ಎಂಜಿನ್ ಆಯಿಲ್ ಉರೀತೈತಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ರ ಇಂಜೆಕ್ಟರ್ ಅಥವಾ ಕಂಪ್ರೆಶನ್ ತೊಂದರೆ ಇರಬಹುದು. ದಟ್ಟ ಕರಿ ಹೊಗೆಗೆ ಏರ್ ಫಿಲ್ಟರಿನಿಂದ ಇಂಜೆಕ್ಟರ್ ತನಕ ಕಾರಣ ಇರ್ತಾವ.
✔️ ಎಂಜಿನ್ ಓಡುವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡ್ರಿ. ಅಲ್ಲಿಂದ ಜೋರಾಗಿ ಹೊಗೆ ದೂಡಿಕೊಂಡು ಬಂದ್ರ ಎಂಜಿನ್ ಸವೆದಿದೆ.
✔️ ಪಾಟಾ: ಮೂಲಕ್ಕಿಂತ ಹೆಚ್ಚಿನ ಪಾಟಾ ಸೇರಿಸಿದ್ರ ಆ ಗಾಡಿ ಓವರ್‌ಲೋಡಿನಾಗೇ ಬದುಕಿದ್ದು ಅಂತ ಅರ್ಥ. ಪಾಟಾ ಸೇರಿಸಿದ್ರ ಗಾಡಿ ಕೂರೋದು ಕಡಿಮೆ ಆಗುತ್ತದೆ, ಬ್ರೇಕ್ ದೊಡ್ಡದಾಗಲ್ಲ.
✔️ ಚಾಸಿ: ಪಾಟಾ ಕೂರೋ ಜಾಗದ ಸುತ್ತ ಬಿರುಕು, ವೆಲ್ಡಿಂಗ್ ಗುರುತು ಹುಡುಕ್ರಿ. ಚಾಸಿಗೆ ಮಾತ್ರ ಹೊಸ ಕರಿ ಬಣ್ಣ ಹೊಡೆದಿದ್ರ ಕೆರೆದು ನೋಡ್ರಿ. ಕರಾವಳಿ ಕಡೆ ಮೀನು ಹೇರಿದ ಗಾಡಿಯಾದ್ರ ಉಪ್ಪುನೀರು ಇಳಿದು ಒಳಗೆ ತುಕ್ಕು ಹಿಡಿದಿರಬಹುದು. ಕೆಎ-30, ಕೆಎ-47 ನಂಬರ್ ಇದ್ರ ಏನು ಹೇರ್ತಿದ್ರು ಅಂತ ಕೇಳೋದು ತಪ್ಪಲ್ಲ.
✔️ ಟೈರ್: ಪಕ್ಕದಲ್ಲಿ ನಾಲ್ಕು ಅಂಕಿ ಇರ್ತಾವ. 2319 ಅಂದ್ರ 2019ರ 23ನೇ ವಾರದಾಗ ಆದದ್ದು. ಮುಂದಿನ ಎರಡಕ್ಕಂತೂ ರೀಸೋಲ್ ಟೈರ್ ಒಪ್ಪಬ್ಯಾಡ್ರಿ.
✔️ ಬ್ರೇಕ್: ಖಾಲಿ ಗಾಡಿ ಎಲ್ಲಾ ನಿಲ್ತಾವ. ಮಿತಿಯೊಳಗೆ ಲೋಡ್ ಹಾಕಿ, ಖಾಲಿ ರಸ್ತೆಯಾಗ ಹಿಡಿದು ನೋಡ್ರಿ. ಒಂದು ಕಡೆ ಎಳೀತಾ? ಪೆಡಲ್ ಒಳಗೆ ಹೋಗ್ತಾ? ಇಳಿಜಾರಿನಾಗ ಹ್ಯಾಂಡ್ ಬ್ರೇಕ್ ಹಿಡೀತಾ?

2020ರ ಏಪ್ರಿಲ್ 1ರ ನಂತರದ ಬಿಎಸ್6 ಗಾಡಿ ಆದ್ರ ಸೆನ್ಸರ್ ಜಾಸ್ತಿ. ಡ್ಯಾಶ್‌ಬೋರ್ಡಿನಾಗ ಎಂಜಿನ್ ಲೈಟ್ ಉರೀತಿದ್ರ "ಅದೇನಿಲ್ಲ ಬಿಡ್ರಿ" ಅನ್ನೋ ಮಾತಿಗೆ ಬೀಳಬ್ಯಾಡ್ರಿ, ಸ್ಕ್ಯಾನ್ ಮಾಡಿಸ್ರಿ.

ಭಾಗ 6/7 👇 ಕಾಗದ, ಮತ್ತ ಹಿಂದೆ ನಿಂತವರು

ಇದನ್ನ ಬಿಟ್ಟು ಮುಂದೆ ಸ್ವೈಪ್ ಮಾಡಬ್ಯಾಡ್ರಿ.

ಸಾಲ ತೀರಿದ್ರೂ ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಉಳಿದಿರುತ್ತದೆ. ಅದನ್ನ ತೆಗೆಸಾಕ ಫಾರ್ಮ್ 35 ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29, 30. ಎಂಟು ವರ್ಷದ ತನಕ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಹಳೇ ಗಾಡಿ ಅಗ್ಗ ಅನ್ನೋರು ಈ ಖರ್ಚೂ ಸೇರಿಸಿ ನೋಡ್ರಿ. ಲೈಸೆನ್ಸ್ ವಿಷಯ: 7,500 ಕೆಜಿ ಒಳಗಿನ ಗೂಡ್ಸ್ ಗಾಡಿಯನ್ನ ಎಲ್‌ಎಂವಿ ಲೈಸೆನ್ಸ್ ಮೇಲೆ ಓಡಿಸಬಹುದು ಅಂತ 2024ರ ನವೆಂಬರಿನಾಗ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ ಹೇಳಿದೆ.

"ರೊಕ್ಕ ಎಲ್ಲರದ್ದು, ಆರ್‌ಸಿ ಯಾರದರೇ ಒಬ್ಬರ ಹೆಸರಿಗಿರಲಿ" ಅನ್ನೋರು ಕೇಳ್ರಿ. ಮಾರಿ ಕೈತೊಳೆದುಕೊಂಡ್ರೂ ಆರ್‌ಸಿಯಲ್ಲಿ ಹೆಸರು ಇರೋ ತನಕ ಅಪಘಾತ ಪರಿಹಾರಕ್ಕೆ ಅವನೇ ಹೊಣೆ. ಇದೂ ಸುಪ್ರೀಂ ಕೋರ್ಟ್ ಮಾತೇ, 2018ರದ್ದು. ಆ "ಯಾರದರೇ ಒಬ್ಬ" ನಿಮ್ಮ ಕ್ಲಾಸ್‌ಮೇಟ್. ಅವನ ಅಪ್ಪನ ಹೊಲ ಅದಕ್ಕ ಹೊಣೆ ಆಗಬಾರದು.

ಈಗ ಹಿಂದೆ ನಿಂತ ಹತ್ತು ಹುಡುಗರ ಮಾತು. ಗೂಡ್ಸ್ ಗಾಡಿಯ ಕಡ್ಡಾಯ ವಿಮೆ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ತನಕ ಬರಬಹುದು. ಸುಮ್ಮನೆ ಹತ್ತಿಕೊಂಡವರಿಗೆ ವಿಮಾ ಕಂಪನಿ ಹೊಣೆ ಅಲ್ಲ ಅಂತ ಆಶಾ ರಾಣಿ ಪ್ರಕರಣದಾಗ ಸುಪ್ರೀಂ ಕೋರ್ಟ್ ಎಷ್ಟೋ ವರ್ಷದ ಹಿಂದೇನೇ ಹೇಳಿದೆ. ಅಂದ್ರ, ಗೆದ್ದ ಖುಷಿಯಾಗ ಹೋರಿ ಪಕ್ಕ ನಿಂತು ರೀಲ್ಸ್ ಮಾಡೋ ದೋಸ್ತನಿಗೆ ಏನರ ಆದ್ರ ಅವನ ಮನೆಯವರು ವಿಮೆ ನಂಬೋ ಹಂಗಿಲ್ಲ.

ಓವರ್‌ಲೋಡಿಗೆ 2019ರ ತಿದ್ದುಪಡಿ ಪ್ರಕಾರ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಆದರ ದಂಡಕ್ಕ ಹೆದರಿ ಅಲ್ಲ, ಆ ದೋಸ್ತನ ಸಲುವಾಗಿ ಹೇಳ್ತಿದೀನಿ.

ಹೋರಿಗೂ ನಿಯಮ ಅದಾವ, 1978ರಿಂದ. ಕಾಲು ಜಾರದಂಗ ನೆಲಕ್ಕೆ ನಾರಿನ ಚಾಪೆ ಇಲ್ಲಾ ಹಲಗೆ. ಆದಷ್ಟು ಮುಖ ಎಂಜಿನ್ ಕಡೆ. ನೋಡಿಕೊಳ್ಳಾಕ ಒಬ್ಬರು. ಬೇರೆ ಸರಕು ಜೊತೆಗೆ ಬೇಡ. ಪ್ರಯಾಣಕ್ಕೆ ಯೋಗ್ಯ ಅಂತ ಪಶುವೈದ್ಯರ ಸರ್ಟಿಫಿಕೇಟ್. ಎಷ್ಟು ಸರಳ ನೋಡ್ರಿ. ನಿಯಮ ಬರೆದವರಿಗೆ ದನ ಗೊತ್ತಿತ್ತು.

ಭಾಗ 7/7 👇 ತಗೋಬೇಕಾ, ಬಾಡಿಗಿ ಸಾಕಾ?

ಹೋರಿ ಹಬ್ಬ ವರ್ಷಪೂರ್ತಿ ಇರಲ್ಲ. ಉಳಿದ ತಿಂಗಳು ಗಾಡಿ ದುಡೀಬೇಕು: ಗೋವಿನಜೋಳ, ಹತ್ತಿ, ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ, ಹುಬ್ಬಳ್ಳಿಗೆ ತರಕಾರಿ. ಯಾರು ಓಡಿಸ್ತಾರೆ, ಬಾಡಿಗಿ ಹೆಂಗ ಹಂಚಿಕೋತೀರಿ, ರಿಪೇರಿ ಖರ್ಚು ಯಾರದು, ಇವನ್ನ ಮೊದಲೇ ಹಾಳಿ ಮೇಲೆ ಬರೆದು ಸಹಿ ಮಾಡ್ರಿ. ಬರೆಯಾಕ ಮನಸ್ಸಿಲ್ಲ ಅಂದ್ರ ಗಾಡಿ ಬ್ಯಾಡ, ಬಾಡಿಗಿಗೆ ತಗೋರಿ. "ಟೈಮಿಗೆ ಬಾಡಿಗಿ ಗಾಡಿ ಸಿಗಲ್ಲ" ಅನ್ನೋದು ನಿಜ. ಆದ್ರ ನಿಂತ ಗಾಡಿಯ ಕಂತಿಗಿಂತ, ಮುರಿದ ಗೆಳೆತನಕ್ಕಿಂತ ಅದು ಸಣ್ಣ ತಾಪತ್ರಯ.

"ಎಲ್ಲರೂ ಹಿಂಗೇ ಹೇರ್ತಾರಲೇ, ಏನೂ ಆಗಿಲ್ಲ" ಅಂತ ಕಾಮೆಂಟ್ ಬರ್ತಾವ, ಗೊತ್ತು. ಏನೂ ಆಗಿಲ್ಲ ಅನ್ನೋದು ಬ್ರೇಕಿನ ಗುಣ ಅಲ್ಲ. ಎದುರಿಗೆ ಯಾರೂ ಅಡ್ಡ ಬಂದಿಲ್ಲ, ಅಷ್ಟೇ.

ಗಾಡಿ ತಗೊಂಡ ಮೇಲೆ ಕೈಯಾಗ ಕಡೇ ಮೂವತ್ತು ಸಾವಿರ ಉಳಿದಿರುತ್ತದೆ ಅಂತ ಇಟ್ಕೋರಿ. ಏರ್ ಹಾರ್ನ್, ಎಲ್‌ಇಡಿ, ಹೋರಿ ಹೆಸರಿನ ರೇಡಿಯಂ ಸ್ಟಿಕ್ಕರ್, ಎಲ್ಲಾ ಚೆಂದ. ಆದರ ಮೊದಲು ಬ್ರೇಕ್ ಶೂ, ಪ್ಯಾಡ್, ಮುಂದಿನ ಎರಡು ಟೈರ್, ನೆಲಕ್ಕೆ ಹಲಗೆ. ಉಳಿದ್ರ ಸ್ಟಿಕ್ಕರ್. ಹುಡುಗರು ಬೈಕ್ ಮೇಲೆ, ಹೆಲ್ಮೆಟ್ ಹಾಕ್ಕೊಂಡು ಹಿಂದೆ ಬರಲಿ. ಅಖಾಡದಾಗ ಸಿಳ್ಳೆ ಹೊಡೆಯಾಕ ಎಲ್ಲರೂ ಬೇಕಲ್ಲ.

ಈ ವರ್ಷ ಪಟ್ಟಿ ಹಾಕ್ತಿರೋ ದೋಸ್ತನಿಗೆ 6ನೇ ಭಾಗ ಶೇರ್ ಮಾಡ್ರಿ. ನೋಡಿ ಬಂದ ಗಾಡಿಯ ವೇಬ್ರಿಜ್ ಚೀಟಿ ಮತ್ತ ಪಾಟಾ ಫೋಟೋ ಕಳಿಸ್ರಿ, ಲೆಕ್ಕ ಕೂಡಿ ಹಾಕೋಣು.

#ಹೋರಿಹಬ್ಬ #ಹಾವೇರಿ #ಹಿರೇಬೆಂಡಿಗೇರಿ #ಪಿಕಪ್ #ಮೊದಲುಬ್ರೇಕ್